ಕಾವಿಲ್ಲದ ಉಳಿ

ಮೂರು ವರ್ಷ ಬೋಹೆನ್ ಮೇಸ್ತ್ರಿಯ ಉಳಿಯಲ್ಲೇ ಕೆತ್ತಿದೆ.
ಇನ್ನು ಹದಿನೈದು ದಿನಕ್ಕೆ ನನ್ನ ಬಿಡುಗಡೆ.
ತಲೆಗೆ ಪೌಡರು ಸುರಿದು, ನಾಲ್ಕು ಜನರೆದುರು
"ಅಫ್ರಿಯೆ ಈಗ ಬಡಗಿ" ಅನ್ನುತ್ತಾರೆ.
ಅನ್ನುವ ಹೊತ್ತಿಗೆ ಕೈಯಲ್ಲಿ ಸ್ವಂತದ್ದೊಂದು ಉಳಿ ಇರಬೇಕು.
ಇದು ಕಟ್ಟಳೆಯಲ್ಲ, ನನ್ನ ಹಟ.

ಕುಮಾಸಿಯ ಸಂತೆ. ಹರ್ಮಟಾನ್ ಗಾಳಿಗೆ ತುಟಿ ಬಿರಿದಿದೆ.
ಸೊಂಟದ ಗಂಟಿನಲ್ಲಿ ಮುನ್ನೂರ ನಲವತ್ತು ಸೆಡಿ.

ಮೊದಲ ಅಂಗಡಿಯಲ್ಲಿ ನೀಲಿ ಪ್ಲಾಸ್ಟಿಕ್ ಪೆಟ್ಟಿಗೆ, ತೆರೆದರೆ
ಆರು ಉಳಿ, ಒಂದೇ ಚಾಪೆಯಲ್ಲಿ ಮಲಗಿದ ಅಣ್ಣತಮ್ಮಂದಿರ ಹಾಗೆ,
ಮೈಗೆಲ್ಲ ಎಣ್ಣೆ, ಕಾವಿಗೆ ಹಳದಿ ಬಣ್ಣ.
ಆರಕ್ಕೂ ಸೇರಿ ತೊಂಬತ್ತು.
"ಹೊಚ್ಚ ಹೊಸದು ಅಕ್ಕಾ, ಯಾರೂ ಮುಟ್ಟಿಲ್ಲ" ಎಂದ ಹುಡುಗ.
ಒಂದರ ಬಾಯಿಗೆ ಉಗುರು ತಾಗಿಸಿ ನೋಡಿದೆ.
ನಿಜವೇ, ಸಾಣೆ ಕೂಡ ಮುಟ್ಟಿರಲಿಲ್ಲ.

ಎರಡನೆಯದು ಹಡಗಿನಲ್ಲಿ ಬಂದ ಹಳೇ ಮಾಲು.
ನಮ್ಮಲ್ಲಿ ಹೊಸದಕ್ಕಿಂತ ಹಳೆಯದಕ್ಕೇ ಬೆಲೆ ಜಾಸ್ತಿ,
ಫ್ರಿಜ್ಜಿಗೂ, ಹಾಸಿಗೆಗೂ, ಉಳಿಗೂ.
ಬಿಳಿಯರ ಮನೆಯಲ್ಲಿ ಬಾಳಿದ್ದು ಇಲ್ಲೂ ಬಾಳೀತು ಅಂತ.
ಮಾಮೆ ಡುಫೀ ಟವೆಲಿನ ಮಡಿಕೆ ಬಿಚ್ಚಿದಳು.
ಒಂದೇ ಒಂದು. ಕಪ್ಪು. ಕಾವಿನ ಮೇಲೆ
ಕಾದ ಮೊಳೆಯಲ್ಲಿ ಯಾರೋ ಸುಟ್ಟು ಬರೆದ ಎರಡಕ್ಷರ.
ಎಡಚನಿರಬೇಕು, ಮರ ಆ ಕಡೆಗೆ ಸವೆದಿದೆ.
ಮುಂಗೈಯ ಮೇಲೆ ಆಡಿಸಿದೆ.
ಕೂದಲು ಉದುರಿದ್ದು ಚರ್ಮಕ್ಕೆ ಗೊತ್ತಾಗಲಿಲ್ಲ.
"ಮುನ್ನೂರಿಪ್ಪತ್ತು. ಚೌಕಾಸಿ ಬೇಡ ಮಗಳೇ,
ನನಗೂ ಬೇಸರ, ನಿನಗೂ."

ಒಂದು ಕೊಂಡರೆ ಗರಗಸಕ್ಕೆ ಕಾಸಿಲ್ಲ.
ಆರು ಉಳಿ ಕೊಂಡರೆ ಒಂದೂ ಉಳಿಯುವುದಿಲ್ಲ.

ಹೋದ ವರ್ಷ ಆಟ್ಟಾ ತಂದಿದ್ದ, ಅದೇ ನೀಲಿ ಪೆಟ್ಟಿಗೆ.
ಓಡುಮ್ ಮರದ ಹೊಟ್ಟೆಯಲ್ಲಿ ಕಲ್ಲಿರುತ್ತದೆ,
ಮಾತಿಗೆ ಹೇಳಿದ್ದಲ್ಲ, ಕಲ್ಲೇ, ಬಿಳೀ ಕಲ್ಲು.
ಮೂರನೇ ಪೆಟ್ಟಿಗೆ ಉಳಿಯ ಬಾಯಿ ಮಡಚಿಕೊಂಡಿತು,
ಅಳು ತಡೆದ ಮಗುವಿನ ತುಟಿ.
ನಾವೆಲ್ಲ ನಕ್ಕೆವು. ಮೇಸ್ತ್ರಿ ನಗಲಿಲ್ಲ.
"ಒಳ್ಳೆಯದಾಗಿದ್ದರೆ ಮುಕ್ಕಾಗುತ್ತಿತ್ತು, ಇದು ಬಾಗಿತು.
ಕಲ್ಲೇನು ಬೆಲೆ ಕೇಳಿ ಕೂತಿರುತ್ತದೆಯೇ?"
ಆ ಆರರಲ್ಲಿ ಒಂದು ಇವತ್ತಿಗೂ ಅಂಗಡಿಯಲ್ಲಿದೆ,
ಪೇಂಟಿನ ಡಬ್ಬ ತೆರೆಯುತ್ತೇವೆ. ಅದಕ್ಕೆ ಬಲು ಚೆನ್ನ.

ಎರಡೂ ಬಿಟ್ಟು ಸುವಾಮೆಗೆ ನಡೆದೆ,
ಸತ್ತ ಲಾರಿಗಳ ಕರುಳು ಬಗೆಯುವ ಬೀದಿಗೆ.
ಕಮ್ಮಾರ ಜಿಮಾ ಒಂದು ಕಮಾನುಪಟ್ಟಿ ಎತ್ತಿ ತೋರಿಸಿದ.
ಕಾಡಿನಿಂದ ದಿಮ್ಮಿ ಹೊತ್ತು ಹೊತ್ತು ಸಾಕಾದ ಲಾರಿಯದಂತೆ.
"ಯಾವ ಮರ ಕೆತ್ತುತ್ತೀ?" ಎಂದ. ಹೇಳಿದೆ.
"ಕೈ ತೋರಿಸು" ಎಂದ. ತೋರಿಸಿದೆ.
ಆ ದಿನ ಅಷ್ಟೂ ಅಂಗಡಿಯಲ್ಲಿ ಯಾರೂ ಕೇಳದ ಎರಡು ಮಾತು.
ತಿದಿ ಉಸಿರಾಡಿತು. ಕಬ್ಬಿಣ ಕಿತ್ತಳೆಯಾಯಿತು, ಎಣ್ಣೆಯಲ್ಲಿ ಚೀರಿತು.
ಮತ್ತೆ ಕಾಯಿಸಿ ಒಣಹುಲ್ಲಿನ ಬಣ್ಣಕ್ಕೆ ಕಾದ,
ಅಕ್ಕಿ ಬೆಂದಿತೇ ಎಂದು ನೋಡುವವರ ಹಾಗೆ ಬಗ್ಗಿ.

ಎಪ್ಪತ್ತು ಸೆಡಿ. ಕಾವಿಲ್ಲ.
"ಅದೂ ನಾನೇ ಹಾಕಲೋ? ಬಡಗಿ ಯಾರು, ನೀನೋ ನಾನೋ?"

ಮಿಕ್ಕಿದ್ದರಲ್ಲಿ ಗರಗಸ ಬಂತು, ಸುಮಾರಿನದು.
ಅದನ್ನು ಮುಂದೆ ನೋಡಿಕೊಳ್ಳೋಣ.
ಸಂಜೆ ಸೀಬೆಮರದ ಒಣಕೊಂಬೆ ಹಿಡಿದು ಕೂತೆ,
ಮೇಸ್ತ್ರಿಯ ಉಳಿಯಿಂದ ನನ್ನ ಉಳಿಗೆ ಕಾವು ಕೆತ್ತಿದೆ.
ಅವರ ಉಳಿಯಲ್ಲಿ ಅದೇ ನನ್ನ ಕೊನೆಯ ಕೆಲಸ,
ಒರೆಸಿ ಗೂಟಕ್ಕೆ ಸಿಕ್ಕಿಸುವಾಗ ಗೊತ್ತಾಯಿತು.

ಜಿಮಾನ ಹದ ನಿಲ್ಲುತ್ತದೋ ಇಲ್ಲವೋ,
ಮುಂದಿನ ಓಡುಮ್ ಹೇಳಲಿ.
ಮಾಮೆ ಡುಫೀಯ ಕಪ್ಪು ಉಳಿಯ ಮೇಲೆ
ಆಸೆ ಹೋಗಿದೆ ಎಂದರೆ ಸುಳ್ಳು.
ಹೊಸ ಕಾವು ಅಂಗೈಗೆ ಇನ್ನೂ ಒರಟು.
ಬಲಗಡೆ ಸವೆಯಬೇಕು ಅದು.